ಗಂಗವ್ವನ ಗೆರೆ

"ಅಜ್ಜನವರೇ, ಹೊಳೆಯ ಒಡ್ಡಿಗೆ ಮಠವೂ ಪಾಲು ಕೊಡಬೇಕೇ?"

ಕೇಳಿದವನು ಅಡಿವೆಪ್ಪ. ಹೊಳೆದಂಡೆಯ ಸಣ್ಣ ಮಠವೊಂದರ ಉಸ್ತುವಾರಿ ಅವನದು. ಹದಿನೆಂಟು ವರ್ಷದಿಂದ ಅಲ್ಲಿಯ ಸ್ವಾಮಿಗಳ ಶಿಷ್ಯ. ಸ್ವಾಮಿಗಳನ್ನು ಊರಿನವರು ಅಜ್ಜನವರು ಎಂದು ಕರೆಯುತ್ತಿದ್ದರು, ಅವನೂ ಹಾಗೆಯೇ ಕರೆಯುತ್ತಿದ್ದ.

ಹಿಂದಿನ ವಾರ ಸರಕಾರದವರು ಊರಲ್ಲಿ ಸಭೆ ಮಾಡಿ ಹೋಗಿದ್ದರು. ಮಳೆ ಮೊದಲಿನ ಹಾಗಿಲ್ಲ, ಇನ್ನು ಮುಂದೆ ನೆರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಅದಕ್ಕೆ ಈಗಲೇ ಯೋಜನೆ ಹಾಕಿಕೊಳ್ಳಬೇಕು ಎಂದು ಹೇಳಿದ್ದರು. ಒಡ್ಡಿನ ಖರ್ಚು ಅರ್ಧ ಸರಕಾರದ್ದು, ಇನ್ನರ್ಧ ಊರಿನದು. ಯಾರ ಜಾಗದಲ್ಲಿ ಎಷ್ಟು ನೀರು ನಿಂತಿತ್ತು ಎಂದು ನೀರಿನ ಕಲೆ ನೋಡಿ ಅಳೆದು ಪಾಲು ಹಾಕುತ್ತಾರೆ. ಅಳೆಯಲು ನಾಳೆ ಬೆಳಿಗ್ಗೆ ಎಂಜಿನಿಯರು ಟೇಪು ಹಿಡಿದುಕೊಂಡು ಬರುವವರಿದ್ದರು. ದೊಡ್ಡವರು ಬರುತ್ತಾರೆಂದು ಅಡಿವೆಪ್ಪ ಎರಡು ದಿನದಿಂದ ಮಠವನ್ನು ಗುಡಿಸಿ, ಸಾರಿಸಿ, ಗೋಡೆಗೂ ಕಲ್ಲಿನ ಕಂಬಗಳಿಗೂ ಸುಣ್ಣ ಬಳಿದು ಚೊಕ್ಕ ಮಾಡುತ್ತಿದ್ದ.

"ನಮ್ಮದು ದಾಸೋಹದ ಮಠ," ಎಂದ ಅಡಿವೆಪ್ಪ. "ಒಡ್ಡಿಗೆ ಕೊಟ್ಟಿದ್ದು ಅನ್ನದ ಕೊಪ್ಪರಿಗೆಯಲ್ಲಿ ಕಡಿಮೆಯಾಗುತ್ತದೆ. ಅಷ್ಟಕ್ಕೂ ಹೋದ ನೆರೆಯಲ್ಲಿ ನಮ್ಮಲ್ಲಿ ಅಂಥ ನೀರೇನೂ ಬಂದಿರಲಿಲ್ಲ."

"ಬಂದಿರಲಿಲ್ಲವೇ?"

"ಪಾದ ತೊಯ್ಯುವಷ್ಟು ಬಂದಿತ್ತು."

ಅಜ್ಜನವರು ಅವನ ಕೈಗಳನ್ನು ನೋಡಿದರು. ಹಸಿ ಸುಣ್ಣ ಇನ್ನೂ ಅಂಟಿಕೊಂಡಿತ್ತು.

"ಕೈ ಒರೆಸಿಕೊಂಡು ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ಹಾಕಿದರೆ ನಿಲ್ಲಿಸಿಬಿಡುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ."

ಅಡಿವೆಪ್ಪ ಕೈ ಒರೆಸಿಕೊಂಡು ಕೂತ. ಅಜ್ಜನವರು ಹೇಳತೊಡಗಿದರು.

ಒಂದು ಊರು. ಹೊಳೆಯ ಪಕ್ಕದ್ದೇ. ಮೇಲಿನ ಕೇರಿ ದಿಬ್ಬದ ಮೇಲೆ, ಕೆಳಗಿನ ಕೇರಿ ನೀರಿನ ಹತ್ತಿರ. ಆ ಊರಿಗೆ ಒಂದು ಪದ್ಧತಿ ಇತ್ತು. ನೆರೆ ಬಂದು ಇಳಿದ ಮೇಲೆ, ನೀರು ಎಲ್ಲಿಯವರೆಗೆ ನಿಂತಿತ್ತೋ ಅಲ್ಲಿ ಮನೆಯ ಹಿರಿಯ ಹೆಂಗಸು ಗೋಡೆಗೆ ಒಂದು ಗೆರೆ ಎಳೆಯಬೇಕು. ಕೆಮ್ಮಣ್ಣನ್ನು ಹರಳೆಣ್ಣೆಯಲ್ಲಿ ಕಲಸಿ ಎಳೆಯುವ ಗೆರೆ. ಅದಕ್ಕೆ ಗಂಗವ್ವನ ಗೆರೆ ಎಂದು ಹೆಸರು. ಅರಿಸಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದರು. ಮುಂದಿನ ನೆರೆ ಅದಕ್ಕಿಂತ ಮೇಲೆ ಬಂದರೆ ಹಳೆಯದನ್ನು ಕೆರೆದು ಹೊಸ ಗೆರೆ, ಬರದಿದ್ದರೆ ಹಳೆಯದೇ.

ಇದೇನೋ ಹೆಂಗಸರ ಪೂಜೆ ಎಂದುಕೊಳ್ಳಬೇಡ. ಆ ಊರಿನ ಬದುಕು ನಡೆಯುತ್ತಿದ್ದುದೇ ಆ ಗೆರೆಯ ಮೇಲೆ. ಕಾಳಿನ ಗಡಿಗೆ ಇಡುವುದು ಗೆರೆಯ ಮೇಲೆ. ದೇವರ ಗೂಡು ಗೆರೆಯ ಮೇಲೆ. ಕೂಸಿನ ಜೋಲಿ ಕಟ್ಟುವುದೂ ಗೆರೆಯಿಂದ ಒಂದು ಗೇಣು ಮೇಲೆ. ನೀರು ಬಂದಾಗ ಮೊದಲು ನಡೆಯಲಾರದವರನ್ನು ಹೊತ್ತು ಮೇಲಿನ ಕೇರಿಗೆ ಮುಟ್ಟಿಸುತ್ತಿದ್ದರು. ಗೆರೆಯ ಮೇಲಿದ್ದದ್ದನ್ನು ಆಮೇಲೆ ಬಂದು ತೆಗೆದುಕೊಂಡರೆ ನಡೆಯುತ್ತಿತ್ತು. ಗಂಗವ್ವ ಗೆರೆ ದಾಟುವುದಿಲ್ಲ ಎಂಬುದು ಅವರ ನಂಬಿಕೆ. ಗೆರೆಯ ವಿಷಯದಲ್ಲಿ ಆ ಊರಿನಲ್ಲಿ ಯಾರೂ ಸುಳ್ಳು ಹೇಳಿದ್ದಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ ಅನ್ನು.

ಬರಬರುತ್ತ ಮಳೆಯ ರೀತಿ ಕೆಟ್ಟಿತು. ತಿಂಗಳು ಸುರಿಯುವುದು ಮೂರು ದಿನದಲ್ಲಿ ಸುರಿಯತೊಡಗಿತು. ಆಗ ದೊರೆ ಆ ಊರಿಗೆ ಒಬ್ಬ ಅಧಿಕಾರಿಯನ್ನು ಕಳಿಸಿದ. ಅಧಿಕಾರಿ ಬಯಲುಸೀಮೆಯವನು, ಹೊಳೆ ಕಂಡವನಲ್ಲ. ಆದರೆ ಒಳ್ಳೆಯವನು. ಲಂಚ ಮುಟ್ಟುವವನಲ್ಲ, ಕೂತಲ್ಲಿಂದ ಅಪ್ಪಣೆ ಮಾಡುವವನೂ ಅಲ್ಲ. ಹಳೆಯ ಕಡತ ಕೇಳಿದ. ಕಡತವೆಲ್ಲ ಹಿಂದಿನ ನೆರೆಯಲ್ಲೇ ಹೋಗಿತ್ತು. ಮುದುಕರನ್ನು ಕರೆದು ಕೇಳಿದ. ಒಬ್ಬ ಮುದುಕಿ ಹೇಳಿದಳು, "ನನ್ನ ಅತ್ತೆಯ ಕಾಲದಲ್ಲಿ ಗೆರೆ ಹಿಮ್ಮಡಿಗಿತ್ತು, ನನ್ನ ಕಾಲದಲ್ಲಿ ಮೊಣಕಾಲಿಗೆ ಬಂತು, ಈಗ ಸೊಸೆಯ ಕಾಲದಲ್ಲಿ ಇನ್ನೂ ಮೇಲೆ ಹೋಗಿದೆ."

ಅಧಿಕಾರಿಗೆ ಅಷ್ಟು ಸಾಕಾಯಿತು. ನೀರು ಏರುತ್ತಲೇ ಇದೆ, ಮುಂದೆ ಇನ್ನೂ ಏರುತ್ತದೆ ಎಂದು ತಿಳಿದುಕೊಂಡ. ಊರ ಸುತ್ತ ಮಣ್ಣಿನ ಒಡ್ಡು ಹಾಕಬೇಕು, ಈ ವರ್ಷದ ಮಳೆಗಾಲದ ಒಳಗೆ ಹಾಕಬೇಕು ಎಂದು ನಿಶ್ಚಯಿಸಿದ. ಕಲ್ಲು ಬೊಕ್ಕಸದಿಂದ, ಮಣ್ಣು ಊರಿನಿಂದ. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮಣ್ಣನ್ನು ಯಾರು ಎಷ್ಟು ತರಬೇಕು ಎಂಬ ಮಾತು ಬಂದಾಗ ಮೇಲಿನ ಕೇರಿಯ ಒಬ್ಬ ವ್ಯಾಪಾರಿ ಎದ್ದು ನಿಂತ.

"ಯಾರ ಮನೆಗೆ ನೀರು ಹೆಚ್ಚು ಬರುತ್ತದೋ ಅವರಿಗೆ ಒಡ್ಡಿನಿಂದ ಉಪಯೋಗ ಹೆಚ್ಚು. ಉಪಯೋಗ ಹೆಚ್ಚಿದ್ದವರು ಮಣ್ಣನ್ನೂ ಹೆಚ್ಚು ತರಲಿ. ಅಳತೆಗೆ ಗಂಗವ್ವನ ಗೆರೆ ಇದ್ದೇ ಇದೆ."

ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಅಲ್ಲವೇ? ಅಧಿಕಾರಿಗೂ ಹಾಗೇ ಅನ್ನಿಸಿತು. ಪ್ರತಿ ಮನೆ, ಗೆರೆಯ ಎತ್ತರದ ಒಂದೊಂದು ಗೇಣಿಗೆ ಎಂಟು ಗಾಡಿಯಂತೆ ಮಣ್ಣು ತರಬೇಕು ಎಂದು ಡಂಗುರ ಸಾರಿಸಿದ. ಹದಿನೈದು ದಿನ ಬಿಟ್ಟು ತಾನೇ ಬಂದು ಅಳೆಯುತ್ತೇನೆ ಎಂದ.

ಕೆಳಗಿನ ಕೇರಿಯ ಕಟ್ಟಕಡೆಯ ಮನೆ ಒಬ್ಬ ಕುಂಬಾರನದು. ಹೆಸರು ಕೇಳಬೇಡ, ಕುಂಬಾರ ಎಂದರೆ ಸಾಕು. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಕಣ್ಣೂ ಕಾಲೂ ಹೋದ ತಾಯಿ, ಮತ್ತು ಒಂದು ಕತ್ತೆ. ಒಬ್ಬಳೇ ಮಗಳನ್ನು ನಾಲ್ಕು ವರ್ಷದ ಹಿಂದೆ ಬೇರೆ ಊರಿಗೆ ಕೊಟ್ಟಿದ್ದ. ಈಗ ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬರುವವಳಿದ್ದಳು.

ಅವನ ಮನೆಯ ಗೆರೆ ಐದು ಗೇಣಿನ ಮೇಲಿತ್ತು. ಆಳು ನಿಂತರೆ ಎದೆಗೆ ಬರುತ್ತಿತ್ತು. ಎರಡು ವರ್ಷದ ಹಿಂದಿನ ನೆರೆಯ ಗೆರೆ ಅದು. ಕಣ್ಣು ಕಾಣದ ಆ ಮುದುಕಿ ಆಗ ಇನ್ನೂ ಎದ್ದು ನಿಲ್ಲುತ್ತಿದ್ದಳು. ಗೋಡೆಯ ಒದ್ದೆಯನ್ನು ಅಂಗೈಯಿಂದ ತಡವಿ ತಡವಿ, ಒಣ ಸಿಕ್ಕಿದ ಕಡೆ ತಾನೇ ಎಳೆದಿದ್ದಳು.

ಐದು ಗೇಣಿಗೆ ನಲವತ್ತು ಗಾಡಿ. ಕುಂಬಾರನಿಗೆ ಗಾಡಿ ಎಲ್ಲಿಂದ ಬರಬೇಕು? ಒಂದು ಗಾಡಿ ಮಣ್ಣು ಎಂದರೆ ಕತ್ತೆಗೆ ಹನ್ನೆರಡು ಹೇರು. ನಲವತ್ತು ಗಾಡಿಗೆ ನಾನೂರ ಎಂಬತ್ತು ಹೇರು. ಬೇಸಿಗೆಯ ಎರಡು ತಿಂಗಳು ಕತ್ತೆಯ ಬೆನ್ನು ಖಾಲಿಯಾಗುವಂತಿಲ್ಲ. ಕುಂಬಾರನ ಗಡಿಗೆ ಮಾರುವುದೇ ಬೇಸಿಗೆಯಲ್ಲಿ. ಆ ಎರಡು ತಿಂಗಳು ತಿಗರಿ ತಿರುಗದಿದ್ದರೆ ಬಾಣಂತಿಯ ಬಾಯಿಗೆ ಏನು ಹಾಕುತ್ತಾನೆ?

ಮೂರು ದಿನ ಅವನು ಗೋಡೆಯನ್ನು ನೋಡುತ್ತ ಕೂತ. ನಾಲ್ಕನೆಯ ದಿನ ಎದ್ದ. ಹೊಳೆದಂಡೆಯ ನುಣ್ಣನೆಯ ಜೇಡಿ ತಂದು, ಸೋಸಿ, ಐದು ಗೇಣಿನ ಗೆರೆಯ ಮೇಲೆ ಬಳಿದ. ಮೂರು ಗೇಣಿನಲ್ಲಿ ಎಣ್ಣೆ ಕಲಸಿದ ಕೆಮ್ಮಣ್ಣಿನ ಹೊಸ ಗೆರೆ ಎಳೆದ. ಹೊಸದು ಹೊಸದಾಗಿ ಕಾಣಬಾರದಲ್ಲ, ಅದಕ್ಕೆ ಒಲೆಯ ಹೊಗೆ ಹಿಡಿಸಿದ. ಅರಿಸಿನ ಕುಂಕುಮ ಹಚ್ಚಿದ. ಕೈಯಲ್ಲಿ ಕಸುಬಿದ್ದವನು, ಹುಟ್ಟಿದಂದಿನಿಂದ ಮಣ್ಣು ಮುಟ್ಟಿದವನು. ಗೋಡೆಗೆ ಮೂಗು ತಾಗಿಸಿ ನೋಡಿದರೂ ಗೊತ್ತಾಗುತ್ತಿರಲಿಲ್ಲ.

ಬೆಂಕಿ ಕೇಳಲು ಬಂದ ಪಕ್ಕದ ಮನೆಯ ರೈತ ಅದನ್ನು ನೋಡಿದ. ಹೋಗಿ ಅಧಿಕಾರಿಗೆ ಹೇಳಲಿಲ್ಲ. "ನಮ್ಮದೂ ಒಂದಿಷ್ಟು ನೋಡಪ್ಪ," ಎಂದ.

ರೈತನಾದ ಮೇಲೆ ಗಾಣಿಗ ಬಂದ. ಗಾಣಿಗನಾದ ಮೇಲೆ ಅಂಬಿಗ. ಕುಂಬಾರ ಎಲ್ಲರಿಗೂ ಒಂದೇ ಮಾತು ಹೇಳಿದ. ಒಬ್ಬರದು ಹೆಚ್ಚು ಒಬ್ಬರದು ಕಡಿಮೆ ಇಳಿಸಿದರೆ ಸಿಕ್ಕಿಬೀಳುತ್ತೇವೆ, ಎಲ್ಲರದ್ದೂ ಎರಡೇ ಗೇಣು. ಹಾಗೆ ಇಡೀ ಕೆಳಗಿನ ಕೇರಿಯ ಗೆರೆ ಎರಡು ಗೇಣು ಇಳಿಯಿತು.

ಆಮೇಲೆ ಆ ವ್ಯಾಪಾರಿಯೂ ಬಂದ. ಅವನ ಮನೆ ದಿಬ್ಬದ ಮೇಲಿದ್ದರೂ ಅಂಗಡಿ ದಿಬ್ಬದ ಬುಡದಲ್ಲಿತ್ತು, ಅದರ ಗೆರೆ ಇದ್ದದ್ದೇ ಎರಡು ಗೇಣು. ಹದಿನಾರು ಗಾಡಿ ಮಣ್ಣು. ಅವನಿಗೆ ನಾಲ್ಕು ಗಾಡಿ, ಎಂಟು ಎತ್ತು, ಮನಸ್ಸು ಮಾಡಿದರೆ ಒಂದು ದಿನದ ಕೆಲಸ. ಆದರೂ ಬಂದ, ನಾಚಿಕೆಯಿಲ್ಲದೆ. ಎರಡು ಗೇಣು ಇಳಿಸಿದರೆ ಅವನ ಅಂಗಡಿಯಲ್ಲಿ ಗೆರೆಯೇ ಉಳಿಯುವುದಿಲ್ಲ. ಕುಂಬಾರ ಅದನ್ನೂ ಬಳಿದುಕೊಟ್ಟ. ನಲವತ್ತು ತರಬೇಕಾದವನಿಗೆ ಇನ್ನೂ ಇಪ್ಪತ್ತನಾಲ್ಕು ತರುವುದು ಉಳಿಯಿತು, ಹದಿನಾರು ತರಬೇಕಾದವನಿಗೆ ತರುವುದು ಏನೂ ಉಳಿಯಲಿಲ್ಲ. ಸುಳ್ಳಿನಲ್ಲೂ ಲಾಭ ಯಾರಿಗೆ ಹೆಚ್ಚಾಯಿತು ನೋಡು.

ಕುಂಬಾರನನ್ನು ನೀನು ಈಗಲೇ ಬೈಯಬೇಡ. ಅವನ ತಲೆಯಲ್ಲಿ ಇದ್ದದ್ದು ಇಷ್ಟೇ: ಗೆರೆ ಮಣ್ಣಿನ ಲೆಕ್ಕಕ್ಕೆ. ಒಡ್ಡು ಎಷ್ಟು ಎತ್ತರ ಎಂಬುದು ದೊರೆಯ ಕಡೆಯವರಿಗೆ ಗೊತ್ತಿರುತ್ತದೆ, ಅವರು ಓದಿದವರು, ಅದಕ್ಕೆ ಅವರ ಹತ್ತಿರ ಬೇರೆ ಏನೋ ಇರುತ್ತದೆ. ಊರಿನವರೆಲ್ಲ ಹಾಗೇ ತಿಳಿದಿದ್ದರು.

ಹದಿನೈದನೆಯ ದಿನ ಅಧಿಕಾರಿ ಬಂದ. ಒಂದೊಂದೇ ಮನೆ ಹೊಕ್ಕು ಅಳೆದ. ಒಂದು ಮನೆಯ ಗೆರೆಗೂ ಪಕ್ಕದ ಮನೆಯ ಗೆರೆಗೂ ದಾರ ಹಿಡಿದು ತಾಳೆ ನೋಡಿದ. ಎಲ್ಲೂ ಒಂದು ಬೆರಳಿನ ವ್ಯತ್ಯಾಸವಿಲ್ಲ. ಮನುಷ್ಯನಿಗೆ ಸಂತೋಷವಾಯಿತು. ಇಷ್ಟು ಪ್ರಾಮಾಣಿಕರನ್ನು ನಾನು ಎಲ್ಲೂ ಕಂಡಿಲ್ಲ ಎಂದು ಹೇಳಿದನಂತೆ.

ಅಳತೆ ಮುಗಿಸಿ ಊರಿನವರನ್ನೆಲ್ಲ ಹೊಳೆದಂಡೆಗೆ ಕರೆದ. ಅಲ್ಲಿ ಒಂದು ಗೂಟ ಹೊಡೆಸಿದ್ದ. ಗೂಟಕ್ಕೆ ಒಂದು ದಾರ ಕಟ್ಟಿದ್ದ.

"ಕುಂಬಾರನ ಮನೆಯ ಗೆರೆಯ ಮಟ್ಟವನ್ನು ಇಲ್ಲಿಗೆ ತಂದಿದ್ದೇನೆ," ಎಂದ. "ನೀರು ಮುಂದೆ ಇನ್ನೂ ಏರುತ್ತದೆ, ಅದಕ್ಕೆ ಆ ಗೆರೆಯ ಮೇಲೆ ಒಂದು ಗೇಣು ಬಿಟ್ಟಿದ್ದೇನೆ. ಈ ದಾರದವರೆಗೆ ಒಡ್ಡು. ಯಾರಿಗಾದರೂ ಅನುಮಾನವಿದ್ದರೆ ಈಗಲೇ ಹೇಳಿ."

ಆಗ ಊರಿಗೆ ಗೊತ್ತಾಯಿತು. ಪಾಲಿಗೆ ಹಿಡಿದ ಗೆರೆಯನ್ನೇ ಅವನು ಒಡ್ಡಿಗೂ ಹಿಡಿದಿದ್ದ. ಬೇರೆ ಏನೂ ಅವನ ಹತ್ತಿರ ಇರಲಿಲ್ಲ.

ನೂರು ಜನ ನಿಂತಿದ್ದರು. ಆ ದಾರ ನಿಜವಾದ ಗೆರೆಗಿಂತ ಒಂದು ಗೇಣು ಕೆಳಗಿದೆ ಎಂದು ನೂರೂ ಜನರಿಗೆ ಗೊತ್ತು. ಎಲ್ಲರೂ ಕುಂಬಾರನನ್ನು ನೋಡಿದರು. ಕುಂಬಾರ ವ್ಯಾಪಾರಿಯನ್ನು ನೋಡಿದ. ವ್ಯಾಪಾರಿ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ. ರೈತ ಕೆಮ್ಮಿದ. ಅಧಿಕಾರಿ ಅವನ ಕಡೆ ತಿರುಗಿ, "ಏನಾದರೂ ಹೇಳಬೇಕೇನಪ್ಪ?" ಎಂದು ಕೇಳಿದ.

"ಇಲ್ಲ ಬುದ್ಧಿ. ಧೂಳು," ಎಂದ ರೈತ.

"ಒಬ್ಬನಾದರೂ ಹೇಳಬಾರದಿತ್ತೇ?" ಎಂದು ಅಡಿವೆಪ್ಪ ತಡೆಯಲಾರದೆ ಕೇಳಿದ.

ಅಜ್ಜನವರು ಕತೆ ನಿಲ್ಲಿಸಲಿಲ್ಲ. "ನೀನಿದ್ದಿದ್ದರೆ ಹೇಳುತ್ತಿದ್ದೆಯಾ?" ಎಂದು ಮಾತ್ರ ಕೇಳಿದರು.

"ಹೇಳುತ್ತಿದ್ದೆ."

"ಹೂಂ," ಎಂದರು ಅಜ್ಜನವರು. ಮತ್ತೆ ಮುಂದುವರಿಸಿದರು.

ಒಡ್ಡು ಎದ್ದಿತು. ಗಟ್ಟಿಯಾಗಿಯೇ ಎದ್ದಿತು, ಆ ಮಾತಿಲ್ಲ. ಕುಂಬಾರ ತನ್ನ ಇಪ್ಪತ್ತನಾಲ್ಕು ಗಾಡಿ ಮಣ್ಣನ್ನು ಕತ್ತೆಯ ಮೇಲೆ ಹೊತ್ತು ತಂದ. ಕೆಲಸ ಮುಗಿದ ಮೇಲೆ ಜನಕ್ಕೆ ಧೈರ್ಯವೂ ಬಂತು. ಮೊದಲು ಏನೂ ಇಲ್ಲದ ಜಾಗದಲ್ಲಿ ಈಗ ಒಡ್ಡಾದರೂ ಇದೆಯಲ್ಲ ಎಂದರು. ಮುಂಗಾರು ಹಿಡಿಯುವ ಮೊದಲು ಕೆಳಗಿನ ಕೇರಿಯವರು ಕಾಳುಕಡ್ಡಿಯನ್ನು ಮೇಲಿನ ಕೇರಿಗೆ ಸಾಗಿಸುವುದಿತ್ತು. ಆ ವರ್ಷ ಯಾರೂ ಸಾಗಿಸಲಿಲ್ಲ.

ಮಳೆ ಶುರುವಾದ ವಾರದಲ್ಲಿ ಕುಂಬಾರನ ಮಗಳು ಹೆತ್ತಳು. ಹೆಣ್ಣುಕೂಸು. ಹದಿಮೂರನೆಯ ದಿನ ಜೋಲಿಗೆ ಹಾಕುವ ಶಾಸ್ತ್ರ. ಕೇರಿಯ ಹೆಂಗಸರೆಲ್ಲ ಬಂದರು. ಮಗಳು ತಾಯಿಯ ಹಳೆಯ ಸೀರೆಯಿಂದ ಜೋಲಿ ಮಾಡಿ, ಗೋಡೆಯ ಗೆರೆ ನೋಡಿ, ಅದರಿಂದ ಒಂದು ಗೇಣು ಮೇಲೆ ಅಳೆದು ಕಟ್ಟಿದಳು. ಐದು ಗೇಣಿನ ಗೆರೆ ಎಳೆದದ್ದು ಅವಳು ಮದುವೆಯಾಗಿ ಹೋದ ಮೇಲೆ. ಅವಳಿಗೆ ಗೊತ್ತಿದ್ದದ್ದು ಕಣ್ಣಿಗೆ ಕಂಡ ಗೆರೆ ಒಂದೇ.

ಕುಂಬಾರ ಬಾಗಿಲಲ್ಲಿ ನಿಂತಿದ್ದ. "ಇನ್ನೂ ಸ್ವಲ್ಪ ಮೇಲೆ ಕಟ್ಟು ಮಗಳೇ," ಎಂದ.

"ಗೆರೆಯ ಮೇಲೆ ಒಂದು ಗೇಣು ಬಿಟ್ಟಿದ್ದೇನಲ್ಲಪ್ಪ. ಇದಕ್ಕಿಂತ ಮೇಲೆ ಕಟ್ಟಿದರೆ ಹಸಿ ಮೈಯಲ್ಲಿ ನಾನು ಕೂಸನ್ನು ಎತ್ತುವುದು ಹೇಗೆ?"

ಒಳಗಿನಿಂದ ಮುದುಕಿ ಹೇಳಿದಳು, "ಆ ಗೆರೆ ನಾನು ಎಳೆದದ್ದು ಕಣೋ. ಗಂಗವ್ವ ಅದನ್ನು ದಾಟುವುದಿಲ್ಲ. ಸುಮ್ಮನಿರು."

ಬಂದ ಹೆಂಗಸರಲ್ಲಿ ರೈತನ ಹೆಂಡತಿ ಇದ್ದಳು, ಗಾಣಿಗನ ಹೆಂಡತಿ ಇದ್ದಳು. ಒಬ್ಬೊಬ್ಬಳಿಗೂ ಗೊತ್ತಿತ್ತು. ಜೋಲಿಯನ್ನು ನೋಡಿದರು, ಮುಖ ಮುಖ ನೋಡಿಕೊಂಡರು, ಆಮೇಲೆ ಜೋಗುಳ ಹಾಡಿದರು. ಕುಂಬಾರ ಹೇಳಬೇಕೆಂದು ಬಾಯಿ ತೆರೆದ. ಮುದುಕಿ ಕೈಯಾರೆ ಎಳೆದದ್ದನ್ನು ತಾನು ಅಳಿಸಿದೆ ಎಂದು ಅಷ್ಟು ಜನರ ಎದುರು ಹೇಗೆ ಹೇಳುವುದು? ಹೇಗೂ ಒಡ್ಡು ಇದೆ ಎಂದುಕೊಂಡ. ಸಂಜೆ ಎಲ್ಲರೂ ಹೋದ ಮೇಲೆ ಹೇಳುತ್ತೇನೆ ಎಂದುಕೊಂಡ. ಸಂಜೆಯೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.

ನಾಲ್ಕು ದಿನ ಕಳೆಯಿತು. ಮಳೆ ಹಿಡಿದು ಮೂರು ದಿನ ಬಿಡಲಿಲ್ಲ. ನಾಲ್ಕನೆಯ ದಿನ ಊಟದ ಹೊತ್ತಿಗೆ ಮೊದಲೇ ಹೊಳೆ ಒಡ್ಡಿನ ತಲೆ ಮುಟ್ಟಿತು. ಗಂಡಸರೆಲ್ಲ ಬುಟ್ಟಿ ಗುದ್ದಲಿ ಹಿಡಿದು ಓಡಿದರು, ಕುಂಬಾರನೂ ಓಡಿದ. ಮಣ್ಣು ಸುರಿದಷ್ಟೂ ನೀರು ಮೇಲೆ ಬಂತು. ಒಂದು ಕಡೆ ಒಡ್ಡಿನ ಮೇಲಿಂದ ನೀರು ತೆಳ್ಳಗೆ ಹರಿಯಿತು. ಹರಿದ ಕಡೆ ಮಣ್ಣು ಕೊರೆಯಿತು, ಕೊರೆದ ಕಡೆ ಒಡ್ಡು ಬಾಯಿ ಬಿಟ್ಟಿತು. ಮೊದಲೆಲ್ಲ ನೀರು ಮೆಲ್ಲಗೆ ಏರಿ ಬರುತ್ತಿತ್ತು, ಅರ್ಧ ದಿನ ಸಿಗುತ್ತಿತ್ತು. ಅವತ್ತು ಒಮ್ಮೆಲೇ ಬಂತು.

ಕೇರಿಯಲ್ಲಿ ನೀರು ನುಗ್ಗಿದ ಸದ್ದು ಕುಂಬಾರನ ಮಗಳಿಗೆ ಕೇಳಿಸಿತು. ಅವಳು ಗಾಬರಿಯಾಗಲಿಲ್ಲ. ಆ ಊರಿನ ಮಗಳಲ್ಲವೇ? ಏನು ಮಾಡಬೇಕು ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಕೂಸನ್ನು ಜೋಲಿಯಲ್ಲಿ ಮಲಗಿಸಿದಳು. ಗೆರೆಯ ಮೇಲಿದೆ ಎಂದು ಇನ್ನೊಮ್ಮೆ ನೋಡಿದಳು. ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಮೇಲಿನ ಕೇರಿಗೆ ನಡೆದಳು. ಬಾಣಂತಿ, ಇಪ್ಪತ್ತೊಂದು ದಿನದ ಹಸಿ ಬಾಣಂತಿ. ವ್ಯಾಪಾರಿಯ ಮನೆಯ ಕಟ್ಟೆಯ ಮೇಲೆ ಅಜ್ಜಿಯನ್ನು ಕೂರಿಸಿ ಹಿಂತಿರುಗಿದಳು. ಕೆಳಗಿನ ಕೇರಿ ಇದ್ದ ಕಡೆ ನೀರಿತ್ತು.

ಅಂಬಿಗ ಅವಳನ್ನು ಹಿಡಿದುಕೊಂಡ. ಅವಳು ಅವನಿಗೆ ಸಮಾಧಾನ ಹೇಳಿದಳಂತೆ: "ಬಿಡು ಕಾಕಾ. ಕೂಸು ಗೆರೆಯ ಮೇಲಿದೆ, ಏನೂ ಆಗುವುದಿಲ್ಲ, ಹೋಗಿ ಎತ್ತಿಕೊಂಡು ಬರುತ್ತೇನೆ." ಅಂಬಿಗ ತನ್ನ ಮನೆಯ ಗೆರೆಯನ್ನೂ ಇಳಿಸಿಕೊಂಡಿದ್ದವನು. ಅವಳ ಮುಖ ನೋಡಲಾರದೆ ಅಳತೊಡಗಿದ. ಅವನು ಯಾಕೆ ಅಳುತ್ತಿದ್ದಾನೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಮನೆಗೆ ಮೊದಲು ಮುಟ್ಟಿದವನು ಕುಂಬಾರ. ಒಡ್ಡಿನ ಕಡೆಯಿಂದ ಈಜಿಕೊಂಡು ಬಂದಿದ್ದ. ಬಾಗಿಲು ದಾಟಿ ಒಳಗೆ ನಿಂತ. ನೀರು ಅವನ ಎದೆಗಿತ್ತು. ಜೋಲಿ ಕಟ್ಟಿದ ಕಡೆ, ತೊಲೆಯಿಂದ ಇಳಿದು ನೀರಿನೊಳಗೆ ಹೋದ ಎರಡು ಹಗ್ಗ ಕಾಣುತ್ತಿದ್ದವು. ಅಷ್ಟೇ ಕಾಣುತ್ತಿದ್ದವು.

 

"ಈ ಕತೆ ಹೇಳುವಾಗ ಪ್ರತಿ ಸಲ ನಾನು ಇಲ್ಲಿ ಎಡವುತ್ತೇನೆ," ಎಂದರು ಅಜ್ಜನವರು. "ಎಷ್ಟು ಸಲ ಹೇಳಿದ್ದೇನೆ, ಒಂದು ಸಲವೂ ಸಲೀಸಾಗಿ ದಾಟಿಲ್ಲ. ಇರಲಿ, ಕೇಳು."

ನೀರು ಮೂರನೆಯ ದಿನ ಇಳಿಯಿತು. ಮಗಳು ಮನೆಗೆ ಬಂದಳು. ಎರಡು ದಿನದಿಂದ ಅವಳು ತಂದೆಗೆ ಒಂದೇ ಮಾತು ಹೇಳುತ್ತಿದ್ದಳು: "ಅಪ್ಪಾ, ನಾನು ಸರಿಯಾಗಿ ಅಳೆದೇ ಕಟ್ಟಿದ್ದೆ. ಒಂದು ಗೇಣು ಬಿಟ್ಟೇ ಕಟ್ಟಿದ್ದೆ. ನನ್ನ ಗೇಣು ಚಿಕ್ಕದಾಯಿತೇನೋ." ತನ್ನದೇ ತಪ್ಪು ಎಂದು ತಿಳಿದಿದ್ದಳು. ಕೈ ಬಿಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದಳು. ತಂದೆ ಬಾಯಿ ಬಿಟ್ಟಿರಲಿಲ್ಲ.

ಮನೆಯೊಳಗೆ ಬಂದು ಅವಳು ಗೋಡೆ ನೋಡಿದಳು. ಕುಂಬಾರ ಬಳಿದಿದ್ದ ಜೇಡಿ ಕರಗಿ ಹೋಗಿತ್ತು. ಎಣ್ಣೆಯಲ್ಲಿ ಕಲಸಿದ ಹಳೆಯ ಗೆರೆ ಕರಗಿರಲಿಲ್ಲ. ಮೂರು ಗೇಣಿನಲ್ಲಿ ಒಂದು ಗೆರೆ, ಐದು ಗೇಣಿನಲ್ಲಿ ಒಂದು ಗೆರೆ. ನೀರಿನ ಒದ್ದೆ ಮೇಲಿನ ಗೆರೆಯನ್ನು ದಾಟಿ ನಾಲ್ಕು ಬೆರಳು ನಿಂತಿತ್ತು. ನಿಜವಾದ ಗೆರೆಯ ಮೇಲೆ ಒಂದು ಗೇಣು ಬಿಟ್ಟು ಒಡ್ಡು ಹಾಕಿದ್ದರೆ ಹೊಳೆ ಆಚೆಗೇ ಉಳಿಯುತ್ತಿತ್ತು. ನಿಜವಾದ ಗೆರೆಯ ಮೇಲೆ ಒಂದು ಗೇಣು ಬಿಟ್ಟು ಜೋಲಿ ಕಟ್ಟಿದ್ದರೆ ಕೂಸೂ ಉಳಿಯುತ್ತಿತ್ತು.

ಮಗಳು ಮೇಲಿನ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ತಂದೆಯ ಕಡೆ ತಿರುಗಿದಳು. ಅವತ್ತೇ ಗಂಡನ ಮನೆಗೆ ಹೊರಟುಹೋದಳು, ಮತ್ತೆ ಆ ತವರಿಗೆ ಬರಲಿಲ್ಲ.

ಅಧಿಕಾರಿ ಮನೆಮನೆ ಹೊಕ್ಕು ಬಂದ. ಪ್ರತಿ ಗೋಡೆಯಲ್ಲೂ ಎರಡು ಗೆರೆ. ವ್ಯಾಪಾರಿಯ ಅಂಗಡಿಯ ಗೋಡೆಯಲ್ಲಿ, ಏನೂ ಇರದಿದ್ದ ಕಡೆ, ಒಂದು ಗೆರೆ. ಕಡೆಯದಾಗಿ ಕುಂಬಾರನ ಮನೆಗೆ ಬಂದ.

"ಇದನ್ನು ಮಾಡಿದವರು ಯಾರು?"

"ನಾನೇ ಬುದ್ಧಿ. ಎಲ್ಲರದ್ದೂ ನಾನೇ ಮಾಡಿದೆ."

"ನಲವತ್ತು ಗಾಡಿ ತರಲಾರೆ ಎಂದು ನನ್ನ ಹತ್ತಿರ ಹೇಳಬಾರದಿತ್ತೇ? ನಾನೇನು ನಿನ್ನನ್ನು ತಿನ್ನುತ್ತಿದ್ದೆನೇ?"

"ಹೇಳಬಹುದಿತ್ತು. ಹೇಳಲಿಲ್ಲ, ಅದು ನನ್ನ ಪಾಪ. ಆದರೆ ನೀವು ನನ್ನ ಮನೆಯಲ್ಲಿ ಎಷ್ಟು ನೀರು ಬಂತು ಎಂದು ಕೇಳಿದಿರಿ ಬುದ್ಧಿ, ನನ್ನ ಮನೆಯಲ್ಲಿ ಗಾಡಿ ಇದೆಯೇ ಎಂದು ಒಂದು ಮಾತು ಕೇಳಲಿಲ್ಲ."

ಅಧಿಕಾರಿ ಅಲ್ಲೇ ಹಸಿ ನೆಲದ ಮೇಲೆ ಕೂತುಬಿಟ್ಟ. ದೊರೆಗೆ ಓಲೆ ಬರೆದಾಗ ತಪ್ಪನ್ನು ಕುಂಬಾರನ ಮೇಲೆ ಹಾಕಲಿಲ್ಲ. ಮುಳುಗುವವನಿಗೇ ಹೆಚ್ಚಿನ ಭಾರ ಹೊರಿಸಿದವನು ನಾನು, ಅವನು ನಿಜ ಹೇಳಿದರೆ ಬದುಕಲಾರದ ಹಾಗೆ ಮಾಡಿದವನೂ ನಾನು ಎಂದು ಬರೆದ.

ಮರುವರ್ಷ ಇನ್ನೊಂದು ಒಡ್ಡು ಹಾಕಿಸಿದ. ಈ ಸಲ ಗೆರೆಯಿಂದ ಒಡ್ಡಿನ ಎತ್ತರ ಮಾತ್ರ ಅಳೆದ, ಪಾಲನ್ನು ಕೊಟ್ಟಿಗೆ ನೋಡಿ ಅಳೆದ. ಗಾಡಿ ಇದ್ದವನು ಗಾಡಿ ಕಟ್ಟಲಿ, ಕತ್ತೆ ಇದ್ದವನು ಕತ್ತೆ ಹೊಡೆಯಲಿ, ಏನೂ ಇಲ್ಲದವನು ದಿನಕ್ಕೆ ನಾಲ್ಕು ಬುಟ್ಟಿ ಹೊರಲಿ ಎಂದ. ವ್ಯಾಪಾರಿಯ ನಾಲ್ಕು ಗಾಡಿ ಎರಡು ತಿಂಗಳು ಓಡಿದವು. ಅವನು ಗೊಣಗಿದ, ಆದರೆ ಓಡಿಸಿದ. ಎಲ್ಲರ ಗೆರೆ ಎಷ್ಟಿತ್ತೋ ಅಷ್ಟೇ ಇತ್ತು, ಯಾಕೆಂದರೆ ಇಳಿಸಿ ಯಾರಿಗೂ ಏನೂ ಬರುವಂತಿರಲಿಲ್ಲ. ಕುಂಬಾರನಿಗೆ ಯಾರೂ ಶಿಕ್ಷೆ ಕೊಡಲಿಲ್ಲ. ಅವನು ಬದುಕಿರುವವರೆಗೆ ಆ ಎರಡು ಹಗ್ಗಗಳನ್ನು ತೊಲೆಯಿಂದ ಬಿಚ್ಚಲಿಲ್ಲ.

ಕತೆ ಮುಗಿಯಿತು. ಅಡಿವೆಪ್ಪ ನೆಲ ನೋಡುತ್ತ ಕೂತಿದ್ದ.

"ನಮ್ಮ ಮಠಕ್ಕೆ ಎರಡು ಟ್ರಾಕ್ಟರು ಇವೆ," ಎಂದ. "ನಾಳೆ ಎಂಜಿನಿಯರು ಬಂದಾಗ, ಅಳತೆ ಏನೇ ಬರಲಿ, ಮಠ ಎರಡನ್ನೂ ಒಡ್ಡಿನ ಕೆಲಸಕ್ಕೆ ಕಳಿಸುತ್ತದೆ ಎಂದು ಹೇಳುತ್ತೇನೆ."

ಅವನು ನಮಸ್ಕಾರ ಮಾಡಿ ಎದ್ದ. ಬಾಗಿಲವರೆಗೆ ಹೋಗಿದ್ದ. ಅಜ್ಜನವರು ಹಿಂದಿನಿಂದ ಕರೆದರು.

"ಟ್ರಾಕ್ಟರಿನ ಮಾತು ನಾಳೆ ಆಗುತ್ತದೆ, ಅಡಿವೆಪ್ಪ, ಒಣಗುವುದಕ್ಕೆ ಮುಂಚೆ ಹೋಗಿ ಆ ಕಂಬಗಳ ಸುಣ್ಣ ತೊಳೆ."